ಪೇಪರ್‌ನ ನಾಲ್ಕನೇ ಸಾಲಿಗೇ ನಿಂತ್ರ ಏನ್ ಮಾಡ್ಬೇಕು? ಮ್ಯಾಥಮೆಟಿಕಲ್ ಫೈನಾನ್ಸ್ ಓದೋ ಹಾದಿ

ಪ್ರಶ್ನೆ: ಸರ್ ನಮಸ್ಕಾರ. ನಾ ಶಹಾಪುರದವ, ಕಲಬುರಗಿಯಾಗ ಎಮ್ಮೆಸ್ಸಿ ಮ್ಯಾಥ್ಸ್ ಮುಗಿಸೀನಿ, ಈಗ ಒಂದು ಪಿಯು ಕಾಲೇಜಿನಾಗ ಗೆಸ್ಟ್ ಲೆಕ್ಚರರ್ ಇದ್ದೀನಿ. ಮ್ಯಾಥಮೆಟಿಕಲ್ ಫೈನಾನ್ಸ್‌ನಾಗ ರಿಸರ್ಚ್ ಮಾಡೋ ಆಸೆ ಅದ. ಆದ್ರ ಆರ್ಕೈವ್ (ರಿಸರ್ಚ್ ಪೇಪರ್ ಪುಕ್ಕಟೆ ಸಿಗೋ ವೆಬ್‌ಸೈಟ್) ನಾಗಿಂದ ಪೇಪರ್ ಇಳಿಸ್ಕೊಂಡು ಕುಂತ್ರ ‘ಫಿಲ್ಟರ್ಡ್ ಪ್ರಾಬಬಿಲಿಟಿ ಸ್ಪೇಸ್’ ಅನ್ನೋ ನಾಲ್ಕನೇ ಸಾಲಿಗೇ ನಿಂದರ್ತೀನಿ. ಮಾತಾಡ್ಲಾಕ ಸುತ್ತಮುತ್ತ ಯಾರೂ ಇಲ್ಲ. ಓದೋದು, ಚರ್ಚೆ ಮಾಡೋದು, ಬರಿಯೋದು ಹೆಂಗ ಕಲೀಬೇಕು? ಮೊದಲ ಟ್ರೇಡಿಂಗ್ ಮಾಡಿ ಅನುಭವ ತಗೋಬೇಕು ಅಂತಾರ, ಖರೇನಾ?

ಉತ್ತರ: ಕೊನೀ ಪ್ರಶ್ನೆ ಮೊದಲ ಮುಗಿಸಿಬಿಡ್ತೀನ್ರಿ. ಟ್ರೇಡಿಂಗ್ ಬ್ಯಾಡ. 2024ರ ಸೆಪ್ಟೆಂಬರ್‌ನಾಗ ಶೇರ್ ಮಾರ್ಕೆಟ್ ನಿಯಂತ್ರಣ ಮಾಡೋ ಸೆಬಿ ಒಂದು ಅಧ್ಯಯನ ಹೊರಗ ಹಾಕ್ತು, 2021-22ರಿಂದ 2023-24ರ ತನ ಮೂರು ವರ್ಷ ಫ್ಯೂಚರ್ಸ್ ಆಪ್ಷನ್ಸ್, ಅಂದ್ರ ಮುಂದಿನ ಬೆಲೆ ಮ್ಯಾಲ ಮಾಡೋ ಕರಾರುಗಳಾಗ ಆಡಿದ ಬಿಡಿ ಮಂದಿಯೊಳಗ 100ಕ್ಕ 93 ಮಂದಿ ರೊಕ್ಕ ಕಳಕೊಂಡಾರ, ಒಟ್ಟು ಲುಕ್ಸಾನು 1.8 ಲಕ್ಷ ಕೋಟಿಗಿಂತ ಹೆಚ್ಚು. ನಿಮ್ಮ ಗೆಸ್ಟ್ ಲೆಕ್ಚರರ್ ಪಗಾರ ಅದರಾಗ ಹಾಕಬ್ಯಾಡ್ರಿ. ನಾವು ಓದೋ ಶಾಸ್ತ್ರ ನಾಳೆ ರೇಟ್ ಏರ್ತದೋ ಇಳೀತದೋ ಅಂತ ಹೇಳೋದೇ ಅಲ್ಲ. ‘ಇಂಥಿಂಥ ಪರಿಸ್ಥಿತಿಯಾಗ ಇಷ್ಟು ಕೊಡ್ತೀನಿ’ ಅನ್ನೋ ಒಂದು ಕರಾರಿಗೆ ಇವತ್ತು ನ್ಯಾಯವಾದ ಬೆಲೆ ಎಷ್ಟು, ಆ ಕರಾರು ಬರಕೊಟ್ಟಾಂವ ಹೆಂಗ ಪಾರಾಗ್ಬೇಕು, ಅದನ್ನ ಕೇಳೋ ಶಾಸ್ತ್ರ.

ಇನ್ನ ನಾಲ್ಕನೇ ಸಾಲು. ನಿಮಗ ಬುದ್ಧಿ ಕಡಿಮಿ ಅಂತ ಅಲ್ಲಿ ನಿಂತಿಲ್ಲರಿ, ಆ ಸಾಲು ಬರೆದಾಂವ ಅದನ್ನ ಬಿಡಿಸಿ ಹೇಳಿಲ್ಲ ಅಷ್ಟೇ, ಯಾಕಂದ್ರ ಅವನ ಓದುಗರಿಗೆ ಅದು ದಿನಾ ಕೇಳೋ ಮಾತು. ನಮ್ಮ ಗಂಜ್, ಅಂದ್ರ ಕಾಳಿನ ಮಾರ್ಕೆಟ್, ನೆನಪು ಮಾಡ್ಕೊಳ್ರಿ. ಒಬ್ಬ ಅಡತಿಯವರು (ದಲಾಲಿ ಮ್ಯಾಲ ಮಾಲು ಮಾರಿಸಿಕೊಡೋರು) ದಿನಾ ಸಂಜಿಗೆ ಅಂಗಡಿ ಮುಚ್ಚೋ ಹೊತ್ತಿಗೆ ಅವರ ಹತ್ರ ಒಂದು ಸುದ್ದಿ ಗಂಟು ಇರ್ತದ, ಇವತ್ತಿನ ತನ ತೊಗರಿ ಎಷ್ಟಕ್ಕ ಹೋಯ್ತು, ಎಷ್ಟು ಚೀಲ ಬಂದ್ವು, ಮಳಿ ಆಯ್ತೋ ಇಲ್ಲೋ. ನಾಳೆ ಆ ಗಂಟು ಇನ್ನೊಂದಿಷ್ಟು ದೊಡ್ಡದಾಗ್ತದ, ಸಣ್ಣದಂತೂ ಆಗಂಗಿಲ್ಲ, ಯಾಕಂದ್ರ ತಿಳಿದದ್ದನ್ನ ಮರೀತಿಲ್ಲ ಅಂತ ಹಿಡಕೊಂಡೀವಿ. ಬೆಳಕೋತ ಹೋಗೋ ಈ ಗಂಟುಗಳ ಸಾಲಿಗೇ ಫಿಲ್ಟ್ರೇಶನ್ ಅಂತಾರ. ‘ಅಡಾಪ್ಟೆಡ್’ ಅಂದ್ರ ಇವತ್ತಿನ ನಿರ್ಧಾರ ಇವತ್ತಿನ ಗಂಟಿನಿಂದಲೇ ಆಗಬೇಕು, ನಾಳೀ ರೇಟ್ ನೋಡಿ ಇವತ್ತು ಮಾಲು ಹಿಡಿಯಂಗಿಲ್ಲ. ಸಿಗ್ಮಾ ಆಲ್ಜೀಬ್ರಾ, ಅಂದ್ರ ಸಾಧ್ಯತೆ ಹೇಳಬಹುದಾದ ಘಟನೆಗಳ ಸಂಗ್ರಹ, ಎಮ್ಮೆಸ್ಸಿಯಾಗ ಓದೀರಿ, ಅದಕ್ಕ ಈ ಅರ್ಥ ಜೋಡಿಸಿಕೊಂಡ್ರ ಸಾಕು, ಆ ಸಾಲು ದಾಟಿದ್ರಿ.

ಇದನ್ನ ಇಷ್ಟುದ್ದ ಯಾಕ ಹೇಳ್ದೆ ಅಂದ್ರ ನಾನು ನಿಮಗ ಹೇಳ್ಬೇಕಂತಿರೋದು ಖರೇ ಅಂದ್ರ ಒಂದೇ ಮಾತು. ಯಾವ ಪೇಪರ್ ಕೈಗೆ ಬಂದ್ರೂ ಅದನ್ನ ಅತೀ ಸಣ್ಣ ಲೆಕ್ಕಕ್ಕ ಇಳಿಸ್ರಿ, ಒಂದೇ ದಿನ, ಎರಡೇ ಬೆಲೆ, ನೋಟ್‌ಬುಕ್ಕಿನ ಅರ್ಧ ಪುಟ. ಆ ಸಣ್ಣ ಲೆಕ್ಕದಾಗ ಪೇಪರ್‌ನ ಪ್ರತಿಯೊಂದು ಅಸಂಪ್ಷನ್ (ಮೊದಲೇ ಒಪ್ಪಿಕೊಂಡ ಮಾತು) ಎಲ್ಲಿ ಕೆಲಸ ಮಾಡ್ತು ಅಂತ ಬೊಟ್ಟಿಟ್ಟು ತೋರಿಸ್ರಿ. ಓದೋದೂ ಇದೇ, ಚರ್ಚೆಯೂ ಇದೇ, ಬರಿಯೋದು ಸುರು ಆಗೋದೂ ಇಲ್ಲಿಂದಲೇ.

ಈಗ ಒಂದು ಲೆಕ್ಕ ಕೂಡಿ ಮಾಡೋಣ, ಪೆನ್ ತಗೊಳ್ರಿ. ಒಂದು ಶೇರ್ ಇವತ್ತು 100 ರೂಪಾಯಿ. ನಾಳೆ 120 ಆಗ್ತದ ಇಲ್ಲಾ 90 ಆಗ್ತದ, ಮೂರನೇ ದಾರಿ ಇಲ್ಲ, ಬಡ್ಡಿ ಸೊನ್ನೆ ಅಂತ ಹಿಡೀರಿ. ನಾಳೆ ಅದನ್ನ 100ಕ್ಕ ಕೊಳ್ಳೋ ಹಕ್ಕು ಅಂದ್ರ ಕಾಲ್ ಆಪ್ಷನ್, ಏರಿದ್ರ 20 ಸಿಗ್ತದ, ಇಳಿದ್ರ ಸೊನ್ನೆ. ಈ ಹಕ್ಕಿಗೆ ಇವತ್ತು ಎಷ್ಟು ಕೊಡ್ತೀರಿ? ಏರೋದು ಇಳಿಯೋದು ಅರ್ಧಕ್ಕರ್ಧ ಅಂತ ಹಿಡಿದ್ರ ಎಲ್ಲಾರೂ 10 ರೂಪಾಯಿ ಅಂತಾರ, ನಾನೂ ಮೊದಲ ಹಂಗೇ ಅಂದಿದ್ದೆ. ಆದ್ರ ನೋಡ್ರಿ, ಒಬ್ಬಾಂವ 60 ರೂಪಾಯಿ ಸಾಲ ತಗೊಂಡು ಅದಕ್ಕ 6.67 ಕೈಲಿಂದ ಸೇರಿಸಿ ಶೇರಿನ ಮೂರರಲ್ಲಿ ಎರಡು ಪಾಲು ಕೊಂಡ. ಏರಿದ್ರ ಅವನ ಪಾಲು 80, ಸಾಲ ಕೊಟ್ರ ಉಳಿಯೋದು 20. ಇಳಿದ್ರ ಪಾಲು 60, ಸಾಲ ಕೊಟ್ರ ಸೊನ್ನೆ. ಅಂದ್ರ ಆ ಹಕ್ಕು ಏನ್ ಕೊಡ್ತದೋ ಅದನ್ನೇ ಇವ 6.67ಕ್ಕ ತಯಾರು ಮಾಡಿದ. ಹಂಗಾಗಿ ಬೆಲೆ 6.67 ಮಾತ್ರ, ಯಾರಾದ್ರೂ 10ಕ್ಕ ಕೊಂಡ್ರ ಮಾರಿದಾಂವಗ 3.33 ಪುಕ್ಕಟೆ. ಏರೋ ಸಾಧ್ಯತೆ ಎಷ್ಟು ಅನ್ನೋದು ಲೆಕ್ಕದಾಗ ಬರ್ಲೇ ಇಲ್ಲ! ಇದು ಒಮ್ಮೆ ಎದೆಗೆ ತಟ್ಟಿತಂದ್ರ ಈ ವಿಷಯ ನಿಮ್ಮನ್ನ ಬಿಡಂಗಿಲ್ಲ, ನನ್ನನ್ನ ಇನ್ನೂ ಬಿಟ್ಟಿಲ್ಲ.

ಈಗ ಅಸಂಪ್ಷನ್ ಹುಡುಕ್ರಿ. ಶೇರನ್ನ ಮೂರರಲ್ಲಿ ಎರಡು ಪಾಲು ಕೊಳ್ಳಬಹುದು ಅಂದ್ವಿ, ಸಾಲ ಕೇಳಿದಷ್ಟು ಸಿಗ್ತದ ಅಂದ್ವಿ, ದಲಾಲಿ ಇಲ್ಲ ಅಂದ್ವಿ, ಎಲ್ಲಾಕ್ಕಿಂತ ದೊಡ್ಡದು ನಾಳೆ ಎರಡೇ ಬೆಲೆ ಅಂದ್ವಿ. 110 ಅನ್ನೋ ಮೂರನೇ ಬೆಲೆ ಸೇರಿಸಿ ಮತ್ತ ಮಾಡ್ರಿ, ಎರಡು ಅಪರಿಚಿತ ಸಂಖ್ಯೆಗೆ ಮೂರು ಸಮೀಕರಣ ಆಗ್ತಾವ, ಹೊಂದಂಗಿಲ್ಲ. ಕರಾರನ್ನ ಹಿಂಗ ಶೇರು ಸಾಲದಿಂದ ತಯಾರು ಮಾಡ್ಲಾಕ ಬರ್ದಿದ್ರ ಅದೇ ಇನ್‌ಕಂಪ್ಲೀಟ್ ಮಾರ್ಕೆಟ್. ಮೂವತ್ತು ಪುಟದ ಎಷ್ಟೋ ಪೇಪರ್‌ಗಳು ಈ ಒಂದು ಸಂಕಟದ ಸುತ್ತನೇ ಸುತ್ತತಾವ.

ಹಂಗಾಗಿ ಓದೋ ಕ್ರಮ ಇಸವಿ ಪ್ರಕಾರ ಬ್ಯಾಡ. ಮೊದಲ 1979ರ ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಪೇಪರ್, ನಾವು ಈಗ ಮಾಡಿದ ಲೆಕ್ಕನೇ ಭಾಳ ಹೆಜ್ಜಿಗೆ ಬೆಳೆಸಿದ್ದು, ಪಿಯು ಬೀಜಗಣಿತ ಬಂದ್ರ ಅರ್ಧ ತಿಳೀತದ. ಆಮ್ಯಾಲ 1981ರ ಹ್ಯಾರಿಸನ್ ಮತ್ತ ಪ್ಲಿಸ್ಕಾ ಪೇಪರ್‌ನ ಮೊದಲ ಭಾಗ, ಅಲ್ಲಿ ಪರಿಸ್ಥಿತಿಗಳ ಸಂಖ್ಯೆ ಪರಿಮಿತ, ‘ಪುಕ್ಕಟೆ ಲಾಭ ಇಲ್ಲ ಅಂದ್ರ ಮಾರ್ಟಿಂಗೇಲ್ ಮೆಷರ್ (ಬಡ್ಡಿ ಬಿಟ್ರ ನಾಳಿನ ಸರಾಸರಿ ಬೆಲೆ ಇವತ್ತಿನ ಬೆಲೆಗೇ ಸಮ ಬರೋ ಹಂಗ ಸಾಧ್ಯತೆ ಹಂಚೋದು) ಒಂದು ಇದ್ದೇ ಇರ್ತದ’ ಅನ್ನೋ ಪ್ರಮೇಯ ಅಲ್ಲಿ ಬರೇ ಲೀನಿಯರ್ ಆಲ್ಜೀಬ್ರಾ, ಹೈಪರ್‌ಪ್ಲೇನ್ ಒಂದು ಎಳೆದು ಎರಡು ಸೆಟ್ ಬ್ಯಾರೆ ಮಾಡೋದು. ಅದೇ ಮಾತನ್ನ ಪರಿಮಿತಿ ಇಲ್ಲದ ಕಡಿ ಸರಿಯಾಗಿ ಹೇಳಿದ್ದು 1994ರಾಗ ಡೆಲ್ಬಾನ್ ಮತ್ತ ಶಾಖರ್‌ಮಾಯರ್, ಅದಕ್ಕ ಫಂಕ್ಷನಲ್ ಅನಾಲಿಸಿಸ್ ಗಟ್ಟಿ ಬೇಕು, ಈಗ ಕೈ ಹಾಕಬ್ಯಾಡ್ರಿ. ಆಪ್ಷನ್ ಬೆಲೆ ಸೂತ್ರ ಕೊಟ್ಟ 1973ರ ಬ್ಲ್ಯಾಕ್ ಮತ್ತ ಶೋಲ್ಸ್ ಪೇಪರ್ ಮೊದಲಿನ ಆ ಎರಡು ಪೇಪರ್ ಆದಮ್ಯಾಲ ಓದಿದ್ರ ಅವರು ಎಲ್ಲಿ ಎಷ್ಟು ಧೈರ್ಯ ಮಾಡ್ಯಾರ ಅಂತ ಕಾಣ್ತದ. ಪುಸ್ತಕ ಬೇಕಂದ್ರ ಸ್ಟೀವನ್ ಶ್ರೀವ್ ಅವರ ಎರಡು ಸಂಪುಟ ಅವ, ಮೊದಲನೇದು ಪೂರ್ತಿ ನಾಣ್ಯ ಚಿಮ್ಮೋ ಲೆಕ್ಕ, ಎರಡನೇದು ಬ್ರೌನಿಯನ್ ಮೋಷನ್, ಅಂದ್ರ ನಾಣ್ಯ ಚಿಮ್ಮೋ ಲೆಕ್ಕನೇ ಕ್ಷಣಕ್ಷಣಕ್ಕ ನಡೆದಂಗ. ಎನ್‌ಪಿಟೆಲ್ ಅನ್ನೋ ಆನ್‌ಲೈನ್ ಪಾಠದ ತಾಣದಾಗ ಐಐಟಿ ಗುವಾಹಟಿಯವರ ಪಾಠಗಳು ಪುಕ್ಕಟೆ ಅವ.

ಪ್ರತಿ ಪೇಪರ್‌ಗೂ ಒಂದು ವಂಶಾವಳಿ ಇರ್ತದ, ಅದನ್ನ ಹಿಡೀರಿ. ವಂಶಾವಳಿ ಅಂದ್ರ ಹಿಂದಿನ ಯಾರ ಅಸಂಪ್ಷನ್ ಮುರಿದು ಇದು ಹುಟ್ಟಿತು ಅನ್ನೋದು. ಬ್ಲ್ಯಾಕ್ ಶೋಲ್ಸ್ ಒಳಗ ವೊಲಾಟಿಲಿಟಿ (ಬೆಲೆ ಎಷ್ಟು ಏರಿಳಿತದ ಅನ್ನೋ ಅಳತಿ) ಒಂದೇ ಸ್ಥಿರ ಸಂಖ್ಯೆ, 1987ರ ಅಕ್ಟೋಬರ್ ಕ್ರ್ಯಾಶ್ ಆದಮ್ಯಾಲ ಮಾರ್ಕೆಟ್‌ನಾಗಿನ ಆಪ್ಷನ್ ಬೆಲೆಗಳು ಆ ಒಂದು ಸಂಖ್ಯೆಗೆ ಹೊಂದವಲ್ಲವು ಅಂತ ಎದ್ದು ಕಂಡಿತು. 1993ರಾಗ ಹೆಸ್ಟನ್ ವೊಲಾಟಿಲಿಟಿನೇ ರ್‍ಯಾಂಡಮ್ ಅಂದ್ರು, 1994ರಾಗ ಡುಪೈರ್ ಇಲ್ಲ ಅದು ಬೆಲೆ ಮತ್ತ ಕಾಲದ ಫಂಕ್ಷನ್ ಅಂದ್ರು, 2014ರಾಗ ಗ್ಯಾದರಲ್, ಜೈಸಾನ್, ರೋಸನ್‌ಬಾಮ್ ಮೂವರು ಡೇಟಾ ತೆಗೆದು ವೊಲಾಟಿಲಿಟಿ ಬ್ರೌನಿಯನ್ ಮೋಷನ್‌ಗಿಂತ ಭಾಳ ಒರಟು ಅಂತ ತೋರಿಸಿದ್ರು. ಹಿಂಗ ಒಂದರ ಹಿಂದ ಒಂದು. ಹಳೇದು ಅಂತ ಯಾವುದನ್ನೂ ತೆಗೆದು ಹಾಕಬ್ಯಾಡ್ರಿ ಮತ್ತ. ಲೂಯಿ ಬಾಶೆಲಿಯೆ 1900ರಾಗ ಪ್ಯಾರಿಸ್‌ನಾಗ ಬರೆದ ಥೀಸಿಸ್ ಈ ಶಾಸ್ತ್ರದ ಮೂಲ, ಅವರ ಮಾಡೆಲ್‌ನಾಗ ಬೆಲೆ ಸೊನ್ನೆಗಿಂತ ಕೆಳಗ ಹೋಗಬಹುದು, ಅದನ್ನ ಎಲ್ಲಾರೂ ದೋಷ ಅಂತಿದ್ರು. 2020ರ ಏಪ್ರಿಲ್ 20ಕ್ಕ ಅಮೆರಿಕಾದಾಗ ಕಚ್ಚಾ ಎಣ್ಣಿ ಫ್ಯೂಚರ್ಸ್ ಬೆಲೆ ಮೈನಸ್ 37.63 ಡಾಲರ್ ಆಯ್ತು, ಎರಡೇ ದಿನದಾಗ ಶಿಕಾಗೋದ ಎಕ್ಸ್‌ಚೇಂಜ್ ತನ್ನ ಎಣ್ಣಿ ಆಪ್ಷನ್ ಲೆಕ್ಕಕ್ಕ ಬಾಶೆಲಿಯೆ ಮಾಡೆಲ್‌ಗೆ ಹೋಯ್ತು. 120 ವರ್ಷದ ಹಿಂದಿನ ಥೀಸಿಸ್ ಅದು.

ನಾನು ಮೊದಲ ಸಲ ಪೇಪರ್ ಓದಿದಾಗ ಮೊದಲ ಪುಟದಿಂದ ಕೊನೀ ಪುಟದ ತನ ಕಾದಂಬರಿ ಓದಿದಂಗ ಓದೀನಿ, ಎಲ್ಲಾ ಕಡಿ ಹಳದಿ ಗೀಟು, ತಿಂಗಳಾದಮ್ಯಾಲ ಗೆಳೆಯ ‘ಅದರಾಗ ಏನದ’ ಅಂದ್ರ ಬಾಯಿ ಬರ್ಲಿಲ್ಲ. ಹಂಗ ಮಾಡಬ್ಯಾಡ್ರಿ. ಮೊದಲ ಅರ್ಧ ತಾಸಿನಾಗ ಸಾರಾಂಶ, ಪೀಠಿಕೆ, ಮುಖ್ಯ ಪ್ರಮೇಯದ ಮಾತು ಮಾತ್ರ ಓದಿ ಮುಚ್ಚಿಡ್ರಿ, ಒಂದು ಹಾಳಿ ಮ್ಯಾಲ ಕನ್ನಡದಾಗೇ ಬರೀರಿ, ಇವರು ಏನ್ ಕೇಳ್ಯಾರ, ಏನ್ ಸಿಕ್ಕದ, ಏನೇನು ಒಪ್ಪಿಕೊಂಡಾರ. ಪ್ರೂಫ್ ಆಮ್ಯಾಲ. ಪ್ರೂಫ್ ಓದ್ಲಾಕ ಕುಂತಾಗ ಒಂದೊಂದು ಅಸಂಪ್ಷನ್‌ಗೂ ಒಂದು ನಂಬರ್ ಕೊಟ್ಟು ಅದು ಯಾವ ಸಾಲಿನಾಗ ಬಳಕೆ ಆಯ್ತೋ ಅಲ್ಲಿ ಅಂಚಿಗೆ ಬರೀಕೋತ ಹೋಗ್ರಿ. ಕೊನೀಗೆ ಒಂದು ನಂಬರ್ ಎಲ್ಲೂ ಬಂದಿಲ್ಲ ಅಂದ್ರ ಒಂದೋ ನೀವು ಯಾವುದೋ ಹೆಜ್ಜಿ ತಪ್ಪಿಸೀರಿ, ಇಲ್ಲಾ ಆ ಅಸಂಪ್ಷನ್ ಬೇಕಾಗಿಲ್ಲ. ಎರಡೂ ಲಾಭನೇ.

ಇಟೊ ಇಂಟಿಗ್ರಲ್, ಅಂದ್ರ ಬ್ರೌನಿಯನ್ ಮೋಷನ್‌ನಂಥ ರ್‍ಯಾಂಡಮ್ ಏರಿಳಿತದ ಮ್ಯಾಲ ಮಾಡೋ ಇಂಟಿಗ್ರಲ್, ಬಂದಾಗ ಭಾಳ ಮಂದಿ ಕೈಬಿಡ್ತಾರ, ಅದಕ್ಕೂ ನಾಣ್ಯನೇ ಮದ್ದು. ನಾಣ್ಯ ಚಿಮ್ಮಿ ತಲಿ ಬಿದ್ರ ಪ್ಲಸ್ 1, ಇಲ್ಲಾಂದ್ರ ಮೈನಸ್ 1, ಸೊನ್ನೆಯಿಂದ ಹೊಂಟ್ರಿ. ಪ್ರತಿ ಸಲ ಚಿಮ್ಮೋಕಿಂತ ಮೊದಲ ನೀವು ಎಲ್ಲಿ ಇದ್ರಿ ಅದನ್ನ ಮುಂದಿನ ಹೆಜ್ಜಿಗೆ ಗುಣಿಸಿ ಕೂಡಿಸ್ರಿ. ಪ್ಲಸ್, ಪ್ಲಸ್, ಮೈನಸ್ ಬಿತ್ತು ಅಂದ್ರ ನೀವು ನಿಂತ ಜಾಗ 0, 1, 2, ಕೊನೀಗೆ 1. ಮೊತ್ತ ಸೊನ್ನೆ, ಅದಕ್ಕ 1 ಕೂಡಿ, ಅದರಾಗ 2 ಕಳೆದ್ರ ಮೈನಸ್ 1. ಈಗ ಕೊನೀ ಜಾಗದ ವರ್ಗ 1, ಅದರಾಗ ಹೆಜ್ಜಿ ಸಂಖ್ಯೆ 3 ಕಳೆದು ಅರ್ಧ ಮಾಡ್ರಿ, ಮೈನಸ್ 1. ಯಾವಾಗ್ಲೂ ಹೊಂದ್ತದ, ಹತ್ತು ಸಲ ಮಾಡಿ ನೋಡ್ರಿ, ಆಮ್ಯಾಲ ಎರಡು ಸಾಲಿನ ಪ್ರೂಫ್ ನೀವೇ ಬರೀತೀರಿ. ಕ್ಯಾಲ್ಕ್ಯುಲಸ್‌ನಾಗ ಇಲ್ಲದ ಆ ‘ಹೆಜ್ಜಿ ಸಂಖ್ಯೆ ಕಳಿ’ ಅನ್ನೋ ಪದನೇ ಇಟೊ ಸೂತ್ರದಾಗ ಎಲ್ಲಾರನ್ನೂ ಹೆದರಿಸೋ ಎರಡನೇ ಡೆರಿವೇಟಿವ್ ಪದ. ‘ಚಿಮ್ಮೋಕಿಂತ ಮೊದಲ ಎಲ್ಲಿ ಇದ್ರಿ’ ಅನ್ನೋದು ಅಡತಿಯವರ ಸುದ್ದಿ ಗಂಟೇ ಮತ್ತ, ಮಾಲು ಎಷ್ಟು ಹಿಡೀಬೇಕು ಅಂತ ರೇಟ್ ಬದಲಾಗೋಕಿಂತ ಮೊದಲ ತೀರ್ಮಾನ ಆಗಿರ್ಬೇಕು.

ಚರ್ಚೆಗೆ ಮಂದಿ ಇಲ್ಲ ಅಂದ್ರಿ. ಒಬ್ಬರು ಸಾಕ್ರಿ. ನಿಮ್ಮ ಎಮ್ಮೆಸ್ಸಿ ಬ್ಯಾಚಿನಾಗ ಬೀದರ್‌ನಾಗೋ ಸುರಪುರದಾಗೋ ಒಬ್ಬರಾದ್ರೂ ಇರ್ತಾರ, ಅವರು ಫೈನಾನ್ಸ್ ಓದಿರ್ಬೇಕಂತಿಲ್ಲ, ‘ಯಾಕ’ ಅಂತ ಕೇಳೋರು ಇರ್ಬೇಕು. ರವಿವಾರ ಒಂದು ತಾಸು ಫೋನ್ ಹಚ್ಚಿ ಕೂಡ್ರಿ, ಪೇಪರ್ ಮುಚ್ಚಿಟ್ಟು ಒಂದೇ ಲೆಮ್ಮಾ (ದೊಡ್ಡ ಪ್ರಮೇಯಕ್ಕ ನೆರವಾಗೋ ಸಣ್ಣ ಪ್ರಮೇಯ) ಬಾಯಿಂದ ಹೇಳ್ರಿ, ನಮ್ಮ ಮಾತಿನಾಗೇ ಹೇಳ್ರಿ, ಮಾರ್ಟಿಂಗೇಲ್ ಅನ್ನೋ ಶಬ್ದ ಇಂಗ್ಲಿಷೇ ಇರ್ಲಿ ಆದ್ರ ವಾಕ್ಯ ಕನ್ನಡದ್ದು. ಇಂಗ್ಲಿಷಿನಾಗ ಪುಸ್ತಕದ ವಾಕ್ಯನೇ ಒಪ್ಪಿಸಿ ಪಾರಾಗಬಹುದು, ಕನ್ನಡದಾಗ ಆ ವಾಕ್ಯ ತಯಾರ ಸಿಗಂಗಿಲ್ಲ, ನೀವೇ ಕಟ್ಟಬೇಕಾಗ್ತದ, ತಿಳೀಲಾರದ ಜಾಗಕ್ಕ ಬಂದ ಕೂಡ್ಲೇ ಮಾತು ನಿಂದರ್ತದ. ಅಲ್ಲಿ ಗೀಟು ಹಾಕ್ರಿ, ಮುಂದಿನ ವಾರದ ಕೆಲಸ ಅದೇ. ಕನ್ನಡ ಮಾಧ್ಯಮದಾಗ ಓದಿದವರಿಗೆ ಇದು ಕಡಿಮಿ ಅಂತ ಯಾರು ಅಂದ್ರೂ ಒಪ್ಪಬ್ಯಾಡ್ರಿ.

ನಮ್ಮ ಕಡಿ ಇನ್ನೊಂದು ಅದ, ಸೆಮಿನಾರ್‌ನಾಗ ಕೈ ಎತ್ತಂಗಿಲ್ಲ, ‘ಇಷ್ಟೂ ಗೊತ್ತಿಲ್ಲೇನು’ ಅಂದಾರು ಅನ್ನೋ ಅಂಜಿಕಿ. ನಾ ಎರಡು ವರ್ಷ ಹಿಂದಿನ ಬೆಂಚಿನಾಗ ಸುಮ್ನೆ ಕುಂತೀನಿ. ಒಂದಿನ ಧೈರ್ಯ ಮಾಡಿ ‘ಈ ಇಂಟಿಗ್ರಲ್ ಮಾರ್ಟಿಂಗೇಲ್ ಅಂದ್ರಿ, ಬರೇ ಲೋಕಲ್ ಮಾರ್ಟಿಂಗೇಲ್ ಯಾಕಾಗಬಾರ್ದು?’ ಅಂತ ಕೇಳ್ದೆ. ಲೋಕಲ್ ಅಂದ್ರ ಯೋಗ್ಯ ಹೊತ್ತಿಗೆ ನಿಲ್ಲಿಸಿದ್ರ ಮಾತ್ರ ಆ ಗುಣ ಖಾತ್ರಿ. ಮಾತಾಡೋರು ಬೋರ್ಡ್ ಕಡಿ ತಿರುಗಿ ಸ್ವಲ್ಪ ಹೊತ್ತು ನಿಂತು, ಇದಕ್ಕ ಇನ್ನೊಂದು ಷರತ್ತು ಬೇಕಾಗ್ತದ ಅಂದ್ರು. ಅವರು ಸಿಟ್ಟಾಗ್ಲಿಲ್ಲ, ಚಾ ಕುಡಿಯೋ ಹೊತ್ತಿಗೆ ಹುಡುಕ್ಕೊಂಡು ಬಂದು ಮಾತಾಡಿಸಿದ್ರು. ಆ ಪ್ರಶ್ನೆ ನೀವೂ ಇಟ್ಕೊಳ್ರಿ, ಭಾಳ ಪೇಪರ್‌ಗಳಾಗ ಅದು ಉಪಯೋಗಕ್ಕ ಬರ್ತದ. ಲೇಖಕರಿಗೆ ಇಮೇಲ್ ಬರೀಬಹುದು, ಆದ್ರ ‘ಸರ್ ಈ ಪೇಪರ್ ತಿಳಿಸಿಕೊಡ್ರಿ’ ಅಂತ ಬರೀಬ್ಯಾಡ್ರಿ. ಇಂಥ ಪುಟ, ಇಂಥ ಸಮೀಕರಣ, ನಾ ಸಣ್ಣ ಲೆಕ್ಕ ಹಿಂಗ ಮಾಡಿದಾಗ ಇದು ಬಂತು, ನಿಮ್ಮಲ್ಲಿ ಅದು ಅದ, ಎಲ್ಲಿ ತಪ್ಪೀನಿ, ಅಂತ ಆರು ಸಾಲು. ಇಂಥ ಪತ್ರಕ್ಕ ಉತ್ತರ ಬರೋ ಸಂಭವ ಹೆಚ್ಚು.

ಜರ್ನಲ್ ಪೇಪರ್‌ಗೆ ರೊಕ್ಕ ಕೊಡಬೇಕಲ್ಲ ಅನ್ನೋ ಚಿಂತಿ ಬ್ಯಾಡ, ಆರ್ಕೈವ್‌ನಾಗ 2008ರಿಂದ ಕ್ವಾಂಟಿಟೇಟಿವ್ ಫೈನಾನ್ಸ್ ಅಂತ ಬ್ಯಾರೆ ವಿಭಾಗನೇ ಅದ, ಯಾರು ಯಾವಾಗ ಏನ್ ಬರೆದ್ರು ಅಂತ ಹುಡುಕ್ಲಾಕ ಜೆಡ್‌ಬಿ ಮ್ಯಾಥ್ 2021ರಿಂದ ಪುಕ್ಕಟೆ, ಪಿಎಚ್‌ಡಿಗೆ ಸೇರಿದಮ್ಯಾಲ ಗುಲಬರ್ಗಾ ವಿಶ್ವವಿದ್ಯಾಲಯ ಇರ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇರ್ಲಿ, ಅಲ್ಲಿಯ ಲೈಬ್ರರಿಯವರನ್ನ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’, ಅಂದ್ರ ಜರ್ನಲ್‌ಗಳ ಚಂದಾ ಕೇಂದ್ರ ಸರ್ಕಾರನೇ ಕಟ್ಟೋ ಯೋಜನೆ, ಅದರ ಬಗ್ಗೆ ಕೇಳ್ರಿ, ಸರ್ಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ ಸುರು ಆಗೇದ.

ಬರಿಯೋದು. ಮೊದಲ ಬರಹ ಪೇಪರ್ ಆಗಬ್ಯಾಡ, ನಾಲ್ಕು ಪುಟದ ಟಿಪ್ಪಣಿ ಆಗ್ಲಿ, ಓದಿದ ಒಂದು ಪ್ರಮೇಯ ನಿಮ್ಮ ಮಾತಿನಾಗ, ನೀವೇ ಮಾಡಿದ ಒಂದು ಉದಾಹರಣೆ, ಒಂದು ಅಸಂಪ್ಷನ್ ತೆಗೆದ್ರ ಮುರಿಯೋ ಒಂದು ಲೆಕ್ಕ. ಗಣಿತ ಟೈಪ್ ಮಾಡೋ ಲೇಟೆಕ್ ಸಾಫ್ಟ್‌ವೇರ್ ಕಲೀಲಿಕ್ಕ ವಾರ ಸಾಕು, ಅದರ ಬಗ್ಗೆ ಹೆಚ್ಚು ಹೇಳಂಗಿಲ್ಲ. ಬ್ಯಾರೆಯವರ ವಾಕ್ಯ ಎತ್ತಿ ಇಟ್ಕೊಂಡು ನಾಲ್ಕು ಶಬ್ದ ಬದಲಿಸೋದು ಬ್ಯಾಡ. ಯುಜಿಸಿಯ 2018ರ ನಿಯಮದಾಗ ಥೀಸಿಸ್‌ಗೆ 10 ಪರ್ಸೆಂಟ್ ಹೋಲಿಕೆ ತನ ದಂಡ ಇಲ್ಲ ಅಂತ ಅದ, ಮಂದಿ ಆ ನಂಬರ್‌ಗೆ ಇಳಿಸೋದೇ ಕೆಲಸ ಮಾಡ್ಕೊಂಡಾರ, ಅದು ನನಗ ಭಾಳ ನೋವು ಕೊಡ್ತದ. ಪುಸ್ತಕ ಮುಚ್ಚಿ ಬರೆದ್ರ ಈ ತೊಂದರೆನೇ ಬರಂಗಿಲ್ಲ. ಇಂಗ್ಲಿಷ್ ಸರಳ ಇರ್ಲಿ, ಸಣ್ಣ ವಾಕ್ಯ, ಗಣಿತದಾಗ ಅಲಂಕಾರದ ಇಂಗ್ಲಿಷ್ ಯಾರಿಗೂ ಬ್ಯಾಡ. ಪೀಠಿಕೆಯಾಗ ಏನು ಮೊದಲೇ ಗೊತ್ತಿತ್ತು, ನಿಮ್ಮದು ಎಷ್ಟು, ಎರಡನ್ನೂ ಬ್ಯಾರೆ ಬ್ಯಾರೆ ಹೇಳ್ರಿ.

ಮೂರು ದಿನದಾಗ ಛಾಪಿಸ್ತೀವಿ, ಇಷ್ಟು ರೊಕ್ಕ ಕಳಿಸ್ರಿ ಅನ್ನೋ ಜರ್ನಲ್‌ಗಳಿಗೆ ಹೋಗಬ್ಯಾಡ್ರಿ. ನಾ ವಯಸ್ಸಿನಾಗ ಅವಸರಕ್ಕ ಬಿದ್ದು ಒಂದಕ್ಕ ಕೊಟ್ಟೀನಿ, ಯಾರೂ ಓದದೇ ಛಾಪಿಸಿದ್ರು, ಅದರಾಗಿನ ತಪ್ಪು ಇವತ್ತಿಗೂ ಹಂಗೇ ಅದ. ಜರ್ನಲ್ ಪರವಾಗಿ ಪೇಪರ್ ತಪಾಸಿಸೋ ರೆಫರಿ ವಾಪಸ್ ಕಳಿಸಿದ್ರ ಎದಿ ಒಡಕೋಬ್ಯಾಡ್ರಿ, ಬ್ಲ್ಯಾಕ್ ಶೋಲ್ಸ್ ಪೇಪರನ್ನೇ ಎರಡು ಜರ್ನಲ್ ವಾಪಸ್ ಕಳಿಸಿದ್ವು, ಆಮ್ಯಾಲ ತಿದ್ದಿ ಬರೆದು, ಮೊದಲ ಬ್ಯಾಡ ಅಂದಿದ್ದ ಜರ್ನಲ್ 1973ರಾಗ ಛಾಪಿಸ್ತು, 1997ರಾಗ ಆ ಕೆಲಸಕ್ಕ ಶೋಲ್ಸ್‌ಗೆ ಮತ್ತ ಅದೇ ವಿಷಯ ಬೆಳೆಸಿದ ಮರ್ಟನ್‌ಗೆ ನೊಬೆಲ್ ಬಂತು, ಬ್ಲ್ಯಾಕ್ ಅಷ್ಟೊತ್ತಿಗೆ ತೀರಿಹೋಗಿದ್ರು.

ಬರೀಲಾಕ ವಿಷಯ ಎಲ್ಲಿಂದ ತರ್ಲಿ ಅಂತ ಮುಂದಿನ ಪ್ರಶ್ನೆ ನೀವು ಕೇಳೇ ಕೇಳ್ತೀರಿ, ಅದಕ್ಕ ನಿಮ್ಮ ಹೊಲದ ಬದುವಿಗೇ ಒಂದು ಇಟ್ಟೀನಿ. 2025-26ಕ್ಕ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8000 ರೂಪಾಯಿ. ರಾಶಿ ಹೊತ್ತಿಗೆ ಗಂಜ್‌ನಾಗ 6800 ನಡೆದ್ರ ಆ ಬೆಂಬಲಕ್ಕ 1200 ಬೆಲೆ, 9000 ನಡೆದ್ರ ಸೊನ್ನೆ. ಇದು ಪುಟ್ ಆಪ್ಷನ್, ಅಂದ್ರ ಗೊತ್ತಾದ ಬೆಲೆಗೆ ಮಾರೋ ಹಕ್ಕು, ಅಲ್ಲೇನ್ರಿ? ಬಿತ್ತೋ ಹೊತ್ತಿನಾಗ ರೈತನ ಕೈಯಾಗ ಇರೋ ಈ ಪುಟ್‌ಗೆ ಬೆಲೆ ಎಷ್ಟು? ಬ್ಲ್ಯಾಕ್ ಶೋಲ್ಸ್ ಸೂತ್ರದಾಗ ಹಾಕಿದ್ರ ಒಂದು ನಂಬರ್ ಬರ್ತದ, ಆದ್ರ ಈಗ ಅಸಂಪ್ಷನ್ ಒಂದೊಂದೇ ಎಣಿಸ್ರಿ. ತೊಗರಿಯನ್ನ ಮೊದಲ ಮಾರಿ ಆಮ್ಯಾಲ ಕೊಳ್ಳೋ ದಾರಿ ರೈತಗ ಇಲ್ಲ, ತೊಗರಿ ಫ್ಯೂಚರ್ಸ್ 2007ರ ಜನವರಿಯಾಗೇ ನಿಲ್ಲಿಸಿದ್ರು, ಖರೀದಿ ಕೇಂದ್ರದಾಗ ಒಬ್ಬರಿಂದ ಇಷ್ಟೇ ಕ್ವಿಂಟಲ್ ಅನ್ನೋ ಮಿತಿ ಇರ್ತದ, ಮಿತಿ ದಾಟಿದ್ದು ಗಂಜ್ ಬೆಲೆಗೇ ಹೋಗಬೇಕು. ಅಂದ್ರ ಮಾರ್ಕೆಟ್ ಇನ್‌ಕಂಪ್ಲೀಟ್, ಒಂದೇ ಬೆಲೆ ಸಿಗಂಗಿಲ್ಲ. ಇಂಥ ಕಡಿ ‘ಈ ಹಕ್ಕು ಇದ್ರೂ ಸೈ, ಇಷ್ಟು ರೊಕ್ಕ ಕೊಟ್ರೂ ಸೈ’ ಅಂತ ಮನಸ್ಸು ಎರಡನ್ನೂ ಸಮ ಅನ್ನೋ ಮೊತ್ತ ಹುಡುಕ್ತಾರ, ಇಂಡಿಫರೆನ್ಸ್ ಪ್ರೈಸಿಂಗ್ ಅಂತ, 1989ರ ಹಾಜಸ್ ಮತ್ತ ನ್ಯೂಬರ್ಗರ್ ಪೇಪರ್‌ನಿಂದ ಆ ದಾರಿ ಸುರು.

ಮೊದಲ ರವಿವಾರಕ್ಕ ಎರಡೇ ಬೆಲೆ ಹಿಡೀರಿ, 6800 ಮತ್ತ 9000, ಒಬ್ಬ ರೈತ, 15 ಕ್ವಿಂಟಲ್, ಕೇಂದ್ರ ತಗೊಳ್ಳೋದು 10 ಅಂತ ನಿಮ್ಮ ಲೆಕ್ಕಕ್ಕ ಇಟ್ಕೊಳ್ರಿ. ಆ ಮಿತಿ 10ರಿಂದ 15ಕ್ಕ ಏರಿಸಿದ್ರ ಅವನ ಪಾಲಿಗೆ ಆ ಹಕ್ಕಿನ ಬೆಲೆ ಎಷ್ಟು ಏರ್ತದ, ಅದೇ ಒಂದೂವರೆ ಪಟ್ಟು ಆಗ್ತದೋ, ಕಡಿಮಿ ಆಗ್ತದೋ, ಅವ ಎಷ್ಟು ಅಂಜೋ ಮನುಷ್ಯ ಅನ್ನೋದರ ಮ್ಯಾಲ ಬದಲಾಗ್ತದೋ, ಇದನ್ನ ಬಿಡಿಸಿ ಎರಡು ಪುಟ ಬರೀರಿ, ನಿಮ್ಮ ಗೆಳೆಯನಿಗೆ ಫೋನಿನಾಗ ಹೇಳಿ ನೋಡ್ರಿ, ಅವ ‘ಯಾಕ’ ಅಂದ ಕಡೆ ನಿಂತು ಮತ್ತ ಬರೀರಿ.